ಅಮೆರಿಕದ ರಿಟರ್ನ್‌ಗೆ ಊರಿನ ಎಫ್‌ಡಿ ಬಡ್ಡಿ: ಜನವರಿಯಿಂದ ಡಿಸೆಂಬರ್ ಲೆಕ್ಕ ಹಾಕಿ

ಅಮೆರಿಕದಲ್ಲಿ ಟ್ಯಾಕ್ಸ್ ಕಟ್ಟುವ ನಮ್ಮವರು ಗಮನಿಸಿ. ಊರಿನ ಬ್ಯಾಂಕ್ ಕೊಡುವ ಬಡ್ಡಿ ಸರ್ಟಿಫಿಕೇಟ್‌ನ ಮೊತ್ತವನ್ನು ಹಾಗೇ ಅಲ್ಲಿನ ರಿಟರ್ನ್‌ಗೆ ಹಾಕಬೇಡಿ. ನೆಟ್‌ಬ್ಯಾಂಕಿಂಗ್‌ನಲ್ಲಿ ಜನವರಿ 1ರಿಂದ ಡಿಸೆಂಬರ್ 31ರ ಸ್ಟೇಟ್‌ಮೆಂಟ್ ತೆಗೆದು, ಬಡ್ಡಿಯ ಸಾಲುಗಳನ್ನಷ್ಟೇ ಕೂಡಿಸಿ. ಸರ್ಟಿಫಿಕೇಟ್ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಅಮೆರಿಕದ ವರ್ಷ ಕ್ಯಾಲೆಂಡರ್ ವರ್ಷ. ಮೂರು ತಿಂಗಳಿಗೊಮ್ಮೆ ಬಡ್ಡಿ ಬರುವ ಎಫ್‌ಡಿ ನೋಡಿ: 2024-25ರ ಸರ್ಟಿಫಿಕೇಟ್‌ನಲ್ಲಿ ಜೂನ್, ಸೆಪ್ಟೆಂಬರ್, ಡಿಸೆಂಬರ್ 2024 ಮತ್ತು ಮಾರ್ಚ್ 2025ರ ಬಡ್ಡಿ ಇರುತ್ತದೆ. ನಿಮಗೆ 2024ರ ರಿಟರ್ನ್‌ಗೆ ಮಾರ್ಚ್ 2025ರ ಬದಲು ಬೇಕಾಗಿರುವುದು ಮಾರ್ಚ್ 2024ರದ್ದು, ಅಲ್ವಾ? ಬಡ್ಡಿಯಿಂದ ಬ್ಯಾಂಕ್ ಹಿಡಿದ ತೆರಿಗೆಯನ್ನೂ (ಟಿಡಿಎಸ್) ಇದೇ ರೀತಿ ಕೂಡಿಸಿ, ಅಮೆರಿಕದ 1116 ಫಾರಂನಲ್ಲಿ ಕ್ರೆಡಿಟ್ ಕೇಳಬಹುದು, ಅಂದರೆ ಅಲ್ಲಿನ ತೆರಿಗೆಯಲ್ಲಿ ಅದನ್ನು ಕಳೆಯಬಹುದು. ಆದರೆ ಎನ್‌ಆರ್‌ಒ (ಅನಿವಾಸಿಗಳು ಭಾರತದ ಆದಾಯ ಇಡುವ ಖಾತೆ) ಬಡ್ಡಿಗೆ ಬ್ಯಾಂಕ್ 30%ಕ್ಕಿಂತ ಜಾಸ್ತಿ ಹಿಡಿಯುತ್ತದೆ, ಎರಡು ದೇಶಗಳ ಒಪ್ಪಂದದಲ್ಲಿ ಮಿತಿ 15%. ಹೆಚ್ಚಾದದ್ದನ್ನು ಭಾರತದಲ್ಲೇ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು, ಅಮೆರಿಕ ಅದಕ್ಕೆ ಕ್ರೆಡಿಟ್ ಕೊಡುವುದಿಲ್ಲ. ಎನ್‌ಆರ್‌ಇ (ವಿದೇಶದ ಗಳಿಕೆಯನ್ನು ತಂದು ಇಡುವ ಖಾತೆ) ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಅಂತ ಸುಮ್ನೆ ಬಿಡಬೇಡಿ, ಅಮೆರಿಕದಲ್ಲಿ ಅದಕ್ಕೂ ತೆರಿಗೆ ಇದೆ. ಬಹಳ ಜನ ಎಡವುವುದು ಇಲ್ಲೇ. ಬಡ್ಡಿ ಅಸಲಿಗೆ ಸೇರುತ್ತಾ ಹೋಗುವ ಎಫ್‌ಡಿಗೆ ಈ ಉಪಾಯ ಸಾಲದು. ಉಳಿತಾಯ ಖಾತೆಯ ಸ್ಟೇಟ್‌ಮೆಂಟ್‌ನಲ್ಲಿ ಆ ಬಡ್ಡಿ ಕಾಣಿಸುವುದೇ ಇಲ್ಲ. ಅದಕ್ಕೆ ಠೇವಣಿಯದ್ದೇ ಬೇರೆ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ.