ದಕ್ಷಿಣ ಆಫ್ರಿಕಾದ ಸತಾರಾ ಬಯಲಿನಲ್ಲಿ ಸಿಂಹ ಹುಡುಕುವ ಬಗೆ: ನನ್ನ ಅನುಭವ

ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ದೀಪ ಹಾಕದೆ, ಗುಡಿಸಲಿನ ಜಗಲಿಯಲ್ಲಿ ಕೂರುತ್ತೇನೆ. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಫೋನು. ಫೋನು ಬೇಕಿರುವುದು ಅದರೊಳಗಿನ ದಿಕ್ಸೂಚಿಗೆ. ಸಿಂಹಗಳು ಹೆಚ್ಚಾಗಿ ಗರ್ಜಿಸುವುದು ನಸುಕಿಗೆ ಮುಂಚಿನ ಈ ಹೊತ್ತಿನಲ್ಲಿ. ಗಾಳಿಯಿಲ್ಲದ ತಣ್ಣನೆಯ ರಾತ್ರಿಯಲ್ಲಿ ಆ ದನಿ ಎಂಟು ಕಿಲೋಮೀಟರಿನವರೆಗೂ ಕೇಳಿಸುತ್ತದೆ. ದನಿ ಬಂದ ಕಡೆಗೆ ಮುಖ ಮಾಡಿ ನಿಂತು, ದಿಕ್ಸೂಚಿಯ ಡಿಗ್ರಿಯನ್ನೂ ಗಂಟೆಯನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ನನ್ನ ಮಟ್ಟಿಗೆ ಸಿಂಹದ ಹುಡುಕಾಟ ಶುರುವಾಗುವುದೇ ಅಲ್ಲಿಂದ. ಕಾರಿನ ಕೀಲಿಗೆ ಕೈ ಹಾಕುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರಬೇಕು.

ಜಾಗ ದಕ್ಷಿಣ ಆಫ್ರಿಕಾದ ಕ್ರೂಗರ್. 1898ರಲ್ಲಿ ಸಾಬಿ ಗೇಮ್ ರಿಸರ್ವ್ ಎಂದು ಘೋಷಣೆಯಾದ ಕಾಡೇ ಬೆಳೆದು 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿಲೋಮೀಟರ್ ಉದ್ದ. ಬಂಡೀಪುರದಂಥ ಇಪ್ಪತ್ತು ಕಾಡುಗಳನ್ನು ಒಳಗಿಡಬಹುದಾದಷ್ಟು ವಿಸ್ತಾರ. ಇಷ್ಟು ದೊಡ್ಡ ಕಾಡಿನಲ್ಲಿ ಎಲ್ಲಿ ಉಳಿಯುತ್ತೀರಿ ಎನ್ನುವುದರ ಮೇಲೆ ಮುಕ್ಕಾಲು ಪಾಲು ಫಲ ನಿಂತಿದೆ. ಸಿಂಹಕ್ಕೆಂದೇ ಹೋಗುವವರು ನಡುಭಾಗದ ಸತಾರಾ ಕ್ಯಾಂಪ್ ಹಿಡಿಯಬೇಕು. ಅಲ್ಲಿನ ನೆಲ ಬಸಾಲ್ಟ್ ಕಲ್ಲಿನಿಂದಾದ ಫಲವತ್ತಾದ ಮಣ್ಣು. ಹುಲ್ಲು ಸಿಹಿ, ಅದಕ್ಕೇ ಝೀಬ್ರಾ, ದನದ ಮೈಕಟ್ಟಿನ ಹುಲ್ಲೆಯಾದ ವಿಲ್ಡ್‌ಬೀಸ್ಟ್, ಕಾಡೆಮ್ಮೆ ಹಿಂಡುಗಳು ಅಲ್ಲಿ ಹೆಚ್ಚು, ಅವುಗಳ ಹಿಂದೆ ಸಿಂಹ. ಮರಗಳು ದೂರ ದೂರ ಇರುವುದರಿಂದ ಕಣ್ಣಿಗೂ ಅನುಕೂಲ. ಅಂದಹಾಗೆ, ಹಿಂದೆ ಭೂಮಿ ಅಳೆದಾಗ ಅದು ಹದಿನೇಳನೇ ತುಂಡಾಗಿತ್ತೆಂದೂ, ಅಳತೆಗೆ ಬಂದಿದ್ದ ಭಾರತೀಯ ಸಹಾಯಕನೊಬ್ಬ ಬರೆದುಕೊಂಡ 'ಸತ್ರಹ್' ಎಂಬ ಹಿಂದಿ ಸಂಖ್ಯೆಯೇ ಸತಾರಾ ಆಯಿತೆಂದೂ ಅಲ್ಲಿ ಹೇಳುತ್ತಾರೆ.

ನಾನು ಆರಿಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಣ ಚಳಿಗಾಲ. ಹುಲ್ಲು ಒಣಗಿ ಬಾಗಿರುತ್ತದೆ, ಸಣ್ಣ ಗುಂಡಿಗಳ ನೀರು ಬತ್ತಿ ಪ್ರಾಣಿಗಳು ಉಳಿದ ಕೆಲವೇ ಕೆರೆಗಳಿಗೆ ಬರುತ್ತವೆ. ಮಲೇರಿಯಾ ಭಯವೂ ಆಗ ಕಡಿಮೆ, ಆದರೂ ಹೊರಡುವ ಮುಂಚೆ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು. ಮುಂಜಾವಿನ ಚಳಿ ಮಡಿಕೇರಿಯ ಜನವರಿಯನ್ನು ನೆನಪಿಸುತ್ತದೆ. ಕಾರಿನ ಗಾಜು ಇಳಿಸಿಯೇ ಇರಬೇಕಾದ್ದರಿಂದ ಉಣ್ಣೆ ಟೋಪಿ, ಕೈಗವಸು, ಒಂದು ಕಂಬಳಿ ಬೇಕೇ ಬೇಕು. ಕ್ಯಾಂಪಿನ ಕೋಣೆಗಳು ತಿಂಗಳುಗಳ ಮುಂಚೆಯೇ ತುಂಬುತ್ತವೆ. ಒಂದೇ ಕ್ಯಾಂಪಿನಲ್ಲಿ ಕನಿಷ್ಠ ನಾಲ್ಕು ರಾತ್ರಿ ಇರಿ. ದಿನಕ್ಕೊಂದು ಕ್ಯಾಂಪ್ ಬದಲಿಸುವವರಿಗೆ ನಿನ್ನೆ ತಿಳಿದದ್ದು ಇಂದು ಉಪಯೋಗಕ್ಕೆ ಬರುವುದಿಲ್ಲ.

ಕಾರು ನಾವೇ ಓಡಿಸಬಹುದು. ಬಂಡೀಪುರ, ನಾಗರಹೊಳೆಯ ಸಫಾರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಗಡೆಯೇ ಓಡಿಸುವುದರಿಂದ ತೊಂದರೆಯಿಲ್ಲ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋದರೆ ಬಾಡಿಗೆ ಕಾರಿನವರ ಹತ್ತಿರ ವಾದ ಬರುವುದಿಲ್ಲ. ಕಾರು ಎತ್ತರದ್ದಿರಲಿ. ಸೀಟು ಒಂದು ಅಡಿ ಮೇಲಿದ್ದರೆ ಹುಲ್ಲಿನೊಳಗೆ ನೋಟ ಎಷ್ಟೋ ದೂರ ಹೋಗುತ್ತದೆ. ಆ ಒಂದು ಅಡಿಗೆ ಕೊಡುವ ಹೆಚ್ಚುವರಿ ಬಾಡಿಗೆ ದಂಡವಲ್ಲ. ಬೈನಾಕ್ಯುಲರ್ 8×42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿಲಿಮೀಟರ್ ಗಾಜಿನದು) ಸಾಕು. 10×42 ಇನ್ನೂ ಹತ್ತಿರ ತೋರಿಸುತ್ತದೆ ನಿಜ, ಆದರೆ ಕೈ ನಡುಗಿದ್ದೂ ಹತ್ತು ಪಟ್ಟು ಕಾಣುತ್ತದೆ. ಅರ್ಧ ಕಿಲೋ ಅಕ್ಕಿ ತುಂಬಿದ ಬಟ್ಟೆಚೀಲವನ್ನು ಬಾಗಿಲ ಅಂಚಿಗಿಟ್ಟು ಅದರ ಮೇಲೆ ಆನಿಸಿಕೊಂಡರೆ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ.

ಮತ್ತೆ ಗರ್ಜನೆಗೆ ಬರುತ್ತೇನೆ. ಪೂರ್ತಿ ಗರ್ಜನೆ ಎಳೆದ ನರಳಿಕೆಯಂತೆ ಶುರುವಾಗಿ, ಏರಿ, ಕೊನೆಗೆ ಹೂಂ-ಹೂಂ ಎನ್ನುವ ಮೋಟು ಉಸಿರುಗಳ ಸಾಲಾಗಿ ಇಳಿಯುತ್ತದೆ. ದೂರದಿಂದ ಬಂದರೆ ನಡುವಿನ ಜೋರು ಭಾಗ ಮಾತ್ರ ಕಿವಿಗೆ ಬೀಳುತ್ತದೆ. ಕೊನೆಯ ಮೋಟು ಉಸಿರುಗಳನ್ನು ಎಣಿಸಲು ಬಂದರೆ ಸಿಂಹ ಹತ್ತಿರದಲ್ಲಿದೆ ಎಂದು ಲೆಕ್ಕ ಹಾಕುತ್ತೇನೆ. ಸಿಂಹದ ನಡಿಗೆ ಗಂಟೆಗೆ ಸುಮಾರು ನಾಲ್ಕು ಕಿಲೋಮೀಟರ್. ಐದು ಗಂಟೆಗೆ ಕೇಳಿಸಿದ್ದು ಆರಕ್ಕೆ ಗೇಟು ತೆರೆಯುವ ಹೊತ್ತಿಗೆ ನಾಲ್ಕು ಕಿಲೋಮೀಟರ್ ಆಚೆಗೂ ಇರಬಹುದು. ಅದಕ್ಕೇ ಒಂದೇ ಸಲ ಕೇಳಿ ಓಡಬಾರದು. ಹದಿನೈದು ನಿಮಿಷ ಬಿಟ್ಟು ಮತ್ತೆ ಕೇಳಿಸಿದರೆ ಡಿಗ್ರಿ ಎತ್ತ ಸರಿಯಿತು ನೋಡಿ. ಹೋಗುತ್ತಿರುವ ದಿಕ್ಕು ತಿಳಿಯುತ್ತದೆ. ಡಿಗ್ರಿ ಬದಲಾಗದಿದ್ದರೆ ಒಂದೋ ಅದು ಕೂತಲ್ಲೇ ಇದೆ, ಇಲ್ಲವೇ ನಮ್ಮತ್ತ ಅಥವಾ ನಮ್ಮಿಂದಾಚೆ ನೇರವಾಗಿ ನಡೆಯುತ್ತಿದೆ. ದನಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದರಿಂದ ಅದನ್ನೂ ಹೇಳಬಹುದು.

ಚಳಿಗಾಲದಲ್ಲಿ ಕ್ಯಾಂಪಿನ ಗೇಟು ತೆರೆಯುವುದು ಆರಕ್ಕೆ. ನಾನು ಐದೂ ಮುಕ್ಕಾಲಕ್ಕೆ ಸಾಲಿನಲ್ಲಿರುತ್ತೇನೆ. ರಾತ್ರಿಯ ಚಳಿಯಲ್ಲಿ ಡಾಂಬರು ಮಣ್ಣಿಗಿಂತ ಬೆಚ್ಚಗಿರುತ್ತದೆ, ಸಿಂಹಗಳು ಅದರ ಮೇಲೆ ಮಲಗುತ್ತವೆ. ಓಡಾಡಲೂ ಅವಕ್ಕೆ ರಸ್ತೆಯೇ ಇಷ್ಟ: ಮುಳ್ಳಿಲ್ಲ, ಇಬ್ಬನಿಯಿಲ್ಲ. ಮೊದಲ ನಾಲ್ಕೈದು ಕಾರು ದಾಟುವಷ್ಟರಲ್ಲಿ ಎದ್ದು ಪೊದೆ ಸೇರುತ್ತವೆ. ಇಡೀ ದಿನದಲ್ಲಿ ಮೊದಲ ಮುಕ್ಕಾಲು ಗಂಟೆಯಷ್ಟು ಬೆಲೆಯ ಸಮಯ ಬೇರೆ ಇಲ್ಲ.

ಯಾವ ರಸ್ತೆ? ಸತಾರಾದಲ್ಲಿ ಎಲ್ಲರ ಬಾಯಲ್ಲೂ ಇರುವುದು ಎಸ್100, ಎನ್ವಾನೆತ್ಸಿ ಹೊಳೆಯ ಗುಂಟ ಪೂರ್ವಕ್ಕೆ ಹೋಗುವ ಮಣ್ಣಿನ ರಸ್ತೆ. ಒಳ್ಳೆಯ ರಸ್ತೆ, ಸುಳ್ಳಲ್ಲ. ಆದರೆ ಬೆಳಿಗ್ಗೆ ಅದರಲ್ಲಿ ಹೋದರೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ, ಧೂಳೆಲ್ಲ ಬೆಳ್ಳಗೆ ಹೊಳೆದು ಮುಂದೆ ಏನೂ ಕಾಣಿಸುವುದಿಲ್ಲ. ಎಲ್ಲ ಕಾರುಗಳೂ ಅಲ್ಲೇ. ಗರ್ಜನೆ ಪೂರ್ವದಿಂದ ಬಂದಿದ್ದರೆ ಮಾತ್ರ ನಾನು ಬೆಳಿಗ್ಗೆ ಎಸ್100 ಹಿಡಿಯುತ್ತೇನೆ. ಏನೂ ಕೇಳಿಸದಿದ್ದರೆ ಪಶ್ಚಿಮಕ್ಕೆ, ಆರ್ಪೆನ್ ಗೇಟಿನ ಕಡೆ ಹೋಗುವ ಎಚ್7 ಡಾಂಬರು ರಸ್ತೆಗೆ ತಿರುಗಿ ನ್ಸೆಮಾನಿ ಕೆರೆಯವರೆಗೆ ಹೋಗುತ್ತೇನೆ. ಬೆಳಕು ಬೆನ್ನ ಹಿಂದೆ ಇರುತ್ತದೆ. ಹುಲ್ಲಿನ ಬಣ್ಣಕ್ಕೂ ಸಿಂಹದ ಬಣ್ಣಕ್ಕೂ ಇರುವ ಕೂದಲೆಳೆಯ ವ್ಯತ್ಯಾಸ ಕಾಣುವುದು ಆ ಬೆಳಕಿನಲ್ಲೇ. ಎಸ್100ಕ್ಕೆ ಮಧ್ಯಾಹ್ನ ಮೂರರ ಮೇಲೆ ಹೋಗಬಹುದು.

ಡಾಂಬರಿನ ಮೇಲೆ 50, ಮಣ್ಣಿನ ಮೇಲೆ 40 ಕಿಲೋಮೀಟರ್ ವೇಗದ ಮಿತಿ ಇದೆ. ಅದು ಮಿತಿ ಮಾತ್ರ, ಹುಡುಕುವ ವೇಗವಲ್ಲ. ನಾನು 20 ದಾಟುವುದಿಲ್ಲ. ಓಡಿಸುವವರು ರಸ್ತೆ ಮತ್ತು ಅದರ ಎರಡು ಅಂಚು ನೋಡಬೇಕು, ಉಳಿದವರು ತಂತಮ್ಮ ಕಿಟಕಿಯ ಕಡೆ ಮಾತ್ರ. ಎಲ್ಲರೂ ಎಲ್ಲ ಕಡೆ ನೋಡಿದರೆ ಯಾರೂ ಎಲ್ಲೂ ನೋಡಿದಂತಾಗುವುದಿಲ್ಲ. ಒಂದೆರಡು ಕಿಲೋಮೀಟರಿಗೊಮ್ಮೆ ಎಂಜಿನ್ ಆರಿಸಿ ಮೂರು ನಿಮಿಷ ಸುಮ್ಮನಿರುತ್ತೇನೆ. ಆಗ ಹುಡುಕಬೇಕಾದ್ದು ಇಡೀ ಸಿಂಹವನ್ನಲ್ಲ, ಅದರ ತುಂಡುಗಳನ್ನು: ಕಿವಿಯ ಹಿಂಬದಿಯ ಕಪ್ಪು ಪಟ್ಟೆ, ಬಾಲದ ತುದಿಯ ಕಪ್ಪು ಕುಚ್ಚು, ಮಗ್ಗುಲಾಗಿ ಮಲಗಿದಾಗ ಕಾಣುವ ಹೊಟ್ಟೆಯ ಬಿಳುಪು. ನೊಣ ಕೂತಾಗ ಕಿವಿ ಒಮ್ಮೆ ಒದರುತ್ತದಲ್ಲ, ಬಹಳ ಸಲ ಸಿಂಹ ಸಿಕ್ಕುವುದು ಅದರಿಂದಲೇ. ಈ ಬಯಲಿನಲ್ಲಿ ದೊಡ್ಡ ಬಂಡೆಗಳು ಕಡಿಮೆ. ಹುಲ್ಲಿನ ನಡುವೆ ಬಂಡೆ ಕಂಡಿತು ಎಂದರೆ ಎರಡನೇ ಸಲ ನೋಡಲೇಬೇಕು. ಹುತ್ತಗಳ ನೆತ್ತಿಯನ್ನೂ ಬಿಡಬೇಡಿ. ಸುತ್ತ ನೋಡಲು ಸಿಂಹಗಳು ಅಲ್ಲೇ ಮಲಗುತ್ತವೆ.

ಬಿಸಿಲೇರಿದ ಮೇಲೆ ನೆರಳು ನೋಡಬೇಕು. ಇಲ್ಲಿ ನಮ್ಮವರು ತಪ್ಪುತ್ತಾರೆ. ದಕ್ಷಿಣ ಗೋಳಾರ್ಧದ ಚಳಿಗಾಲದಲ್ಲಿ ನಡುಹಗಲ ಸೂರ್ಯ ಉತ್ತರಕ್ಕಿರುತ್ತಾನೆ, ನೆರಳು ಮರದ ದಕ್ಷಿಣಕ್ಕೆ ಬೀಳುತ್ತದೆ. ಬೆಳಿಗ್ಗೆ ಮರದ ಪಶ್ಚಿಮ ಮಗ್ಗುಲು, ನಡುಹಗಲು ದಕ್ಷಿಣ, ಸಂಜೆ ಪೂರ್ವ. ಹೀಗಾಗಿ ಪೂರ್ವ-ಪಶ್ಚಿಮವಾಗಿ ಹೋಗುವ ರಸ್ತೆಯಲ್ಲಿ ಮಧ್ಯಾಹ್ನ ರಸ್ತೆಯ ಉತ್ತರಕ್ಕಿರುವ ಮರಗಳ ನೆರಳು ನಮ್ಮ ಎದುರಿಗೇ ಇರುತ್ತದೆ, ದಕ್ಷಿಣದ ಮರಗಳದ್ದು ಕಾಂಡದ ಆಚೆಗೆ ಬಿದ್ದಿರುತ್ತದೆ. ಕಣ್ಣನ್ನು ಉತ್ತರದ ಮಗ್ಗುಲಿಗೆ ಹೆಚ್ಚು ಕೊಡಿ.

ಹೆಜ್ಜೆಗುರುತು ಓದುವುದಕ್ಕೆ ಕಾರಿನಿಂದ ಇಳಿಯುವ ಹಾಗಿಲ್ಲ. ಇಳಿದರೆ ದಂಡ ಒಂದು ಕಡೆ, ಜೀವದ ಮಾತು ಇನ್ನೊಂದು. ಅದಕ್ಕೆ ನಾನು ಟೈರನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ. ಸಾಮಾನ್ಯ ಬಾಡಿಗೆ ಕಾರಿನ ಟೈರಿನ ಗುರುತು ಸುಮಾರು 20 ಸೆಂಟಿಮೀಟರ್ ಅಗಲ. ಬೆಳೆದ ಸಿಂಹದ ಹೆಜ್ಜೆ ಸುಮಾರು 12, ಅಂದರೆ ಟೈರಿನ ಗುರುತಿನ ಅರ್ಧಕ್ಕಿಂತ ತುಸು ಹೆಚ್ಚು. ಸಿಂಹದ ಹೆಜ್ಜೆಯಲ್ಲಿ ಉಗುರು ಮೂಡುವುದಿಲ್ಲ, ಅಂಗಾಲಿನ ಮೆತ್ತೆಯ ಹಿಂಬದಿಯಲ್ಲಿ ಮೂರು ಉಬ್ಬು ಸ್ಪಷ್ಟವಾಗಿರುತ್ತವೆ. ಉಗುರಿನ ಚುಕ್ಕೆಗಳಿದ್ದರೆ ಅದು ಹೆಚ್ಚಾಗಿ ಕತ್ತೆಕಿರುಬ. ಹಳೆಯದೋ ಹೊಸದೋ ಎನ್ನುವುದಕ್ಕೂ ಟೈರೇ ಸಾಕ್ಷಿ: ಸಂಜೆ ಗೇಟು ಮುಚ್ಚಿದ ಮೇಲೆ ಪ್ರವಾಸಿಗಳ ಕಾರು ಓಡುವುದಿಲ್ಲ, ಹಾಗಾಗಿ ನಿನ್ನೆಯ ಟೈರಿನ ಗೆರೆಗಳ ಮೇಲೆ ಹೆಜ್ಜೆ ಕೂತಿದ್ದರೆ ಅದು ರಾತ್ರಿಯದ್ದು. ಹೆಜ್ಜೆಯ ಮೇಲೆ ಹುಳ ಹರಿದ ಸಣ್ಣ ಗೆರೆ ಅಡ್ಡ ಹೋಗಿದ್ದರೆ ರಾತ್ರಿಯ ಮೊದಲ ಜಾವದ್ದು. ಅಂಚು ಚೂಪಾಗಿ, ಗೆರೆಯಿಲ್ಲದೆ ಇದ್ದರೆ ನಿಧಾನಿಸಿ, ಮುಂದೆಯೇ ಇರಬಹುದು. ಇದನ್ನು ಮೊದಲ ಕಾರಿನಲ್ಲಿದ್ದರೆ ಮಾತ್ರ ಓದಬಹುದು. ಎಂಟು ಗಂಟೆಗೆ ರಸ್ತೆ ಪೂರ್ತಿ ಅಳಿಸಿಹೋಗಿರುತ್ತದೆ.

ನಾಗರಹೊಳೆಯಲ್ಲಿ ಹುಲಿ ನೋಡಿದವರಿಗೆ ಜಿಂಕೆಯ ಎಚ್ಚರಿಕೆ ಕೂಗು ಕಾಯುವ ಅಭ್ಯಾಸ. ಸತಾರಾದಲ್ಲಿ ಕೂಗಿಗಿಂತ ನೋಟ ಮುಖ್ಯ. ಸಿಂಹವನ್ನು ಕಂಡ ಝೀಬ್ರಾ, ವಿಲ್ಡ್‌ಬೀಸ್ಟ್ ಎಷ್ಟೋ ಸಲ ಓಡುವುದಿಲ್ಲ. ಕಣ್ಣಿಗೆ ಬಿದ್ದ ಸಿಂಹದಿಂದ ಅಪಾಯ ಕಡಿಮೆ ಎಂದು ಅವಕ್ಕೆ ಗೊತ್ತು. ನಿಂತು, ಕಿವಿ ಮುಂದೆ ಮಾಡಿ, ಅದನ್ನೇ ದಿಟ್ಟಿಸುತ್ತವೆ. ಜಿರಾಫೆ ಇನ್ನೂ ಒಳ್ಳೆಯದು, ಅದರ ಕಣ್ಣು ನಾಲ್ಕೈದು ಮೀಟರ್ ಎತ್ತರದಲ್ಲಿದೆ. ಮೂರು ಜಿರಾಫೆಗಳು ಮೇಯುವುದು ಬಿಟ್ಟು ಒಂದೇ ಕಡೆ ನೋಡುತ್ತಿದ್ದರೆ ಆ ನೋಟದ ಗೆರೆಯನ್ನು ನಕ್ಷೆಯ ಮೇಲೆ ಎಳೆದು, ಅದು ಇನ್ನೊಂದು ರಸ್ತೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿಗೆ ಹೋಗುತ್ತೇನೆ. ನಿಮ್ಮ ಕಾರನ್ನೇ ನೋಡುತ್ತಿದ್ದರೆ ಮಾತ್ರ ಅದಕ್ಕೇನೂ ಅರ್ಥವಿಲ್ಲ.

ರಣಹದ್ದುಗಳನ್ನು ಓದುವಾಗ ಗಂಟೆ ನೋಡಬೇಕು. ಬಿಸಿಗಾಳಿ ಏಳುವ ತನಕ ಅವು ಮರದಲ್ಲೇ ಇರುತ್ತವೆ, ಏಳು ಗಂಟೆಗೆ ಮರ ತುಂಬ ರಣಹದ್ದು ಕಂಡರೆ ಅದು ಬರಿಯ ರಾತ್ರಿಯ ತಂಗುದಾಣವಿರಬಹುದು. ಹತ್ತು ಗಂಟೆಯಾದರೂ ಹಾರದೆ, ಎಲ್ಲವೂ ತಲೆ ತಗ್ಗಿಸಿ ಒಂದೇ ಪೊದೆಯತ್ತ ನೋಡುತ್ತಿದ್ದರೆ, ಕೆಳಗೆ ಬೇಟೆಯೂ ಇದೆ, ಅದನ್ನು ಬಿಟ್ಟುಕೊಡದ ಸಿಂಹವೂ ಇದೆ. ನೆಲಕ್ಕಿಳಿದು ಕಿತ್ತಾಡುತ್ತಿದ್ದರೆ ಸಿಂಹ ಹೋಗಿಯಾಯಿತು, ಹತ್ತಿರದ ನೀರಿನ ಕಡೆ ಹುಡುಕಿ.

ಸಿಕ್ಕ ಮೇಲೆ ಏನು ಮಾಡಬೇಕು ಎನ್ನುವುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಎಂಜಿನ್ ಆರಿಸಿ, ಅವು ಎದ್ದು ಹೋಗಬಹುದಾದ ದಾರಿ ಬಿಟ್ಟು ನಿಲ್ಲಿಸಿ. ತಾಯಿಗೂ ಮರಿಗೂ ನಡುವೆ ಕಾರು ತರುವುದು ದೊಡ್ಡ ತಪ್ಪು. ಕಿಟಕಿಯಿಂದ ಕೈ, ತಲೆ ಹೊರಗೆ ಹಾಕಬಾರದು; ಕಾರನ್ನು ಅವು ಒಂದೇ ಆಕಾರವಾಗಿ ನೋಡುತ್ತವೆ, ಆ ಆಕಾರ ಒಡೆದರೆ ಅವುಗಳ ವರ್ತನೆಯೂ ಬದಲಾಗುತ್ತದೆ. ದಿನಕ್ಕೆ ಇಪ್ಪತ್ತು ಗಂಟೆಯವರೆಗೂ ಮಲಗುವ ಪ್ರಾಣಿ ಇದು. ಮಲಗಿದ್ದನ್ನು ಐದು ನಿಮಿಷ ನೋಡಿ ಹೊರಡುವವರೇ ಬಹಳ. ನಾನು ನಾಲ್ಕು ಗಂಟೆಯ ನಂತರ ಸಿಕ್ಕಿದ್ದನ್ನು ಬಿಡುವುದಿಲ್ಲ. ಒಂದು ತಲೆ ಎತ್ತುತ್ತದೆ, ಆಕಳಿಸುತ್ತದೆ. ಆಕಳಿಕೆ ಒಂದರಿಂದೊಂದಕ್ಕೆ ದಾಟಿ, ಮೈ ಮುರಿದು, ಮುಖ ಉಜ್ಜಿಕೊಳ್ಳಲು ಶುರುವಾದರೆ ಸ್ವಲ್ಪ ಹೊತ್ತಿನಲ್ಲೇ ಹಿಂಡು ಏಳುತ್ತದೆ.

ಇಲ್ಲಿ ಗಡಿಯಾರದ ಲೆಕ್ಕ ಕಟ್ಟುನಿಟ್ಟು. ಜೂನ್, ಜುಲೈಯಲ್ಲಿ ಗೇಟು ಮುಚ್ಚುವುದು ಸಂಜೆ ಐದೂವರೆಗೆ. ಮಣ್ಣಿನ ರಸ್ತೆಯಲ್ಲಿ ವಾಪಸು ಬರುವಾಗ ಗಂಟೆಗೆ 25 ಕಿಲೋಮೀಟರ್ ಎಂದೇ ಹಿಡಿಯಿರಿ, ಅದರ ಮೇಲೆ ಇಪ್ಪತ್ತು ನಿಮಿಷ ಆನೆಗೆಂದು ಎತ್ತಿಡಿ. ಆನೆ ಹಿಂಡು ರಸ್ತೆ ಹಿಡಿದು ನಿಂತರೆ ಕಾಯುವುದಲ್ಲದೆ ಬೇರೆ ದಾರಿಯಿಲ್ಲ. ಹಾಗಾಗಿ ಚಳಿಗಾಲದ ಸಂಜೆ ಕ್ಯಾಂಪಿನಿಂದ 15 ಕಿಲೋಮೀಟರಿಗಿಂತ ದೂರ ನಾನು ಹೋಗುವುದಿಲ್ಲ. ಕತ್ತಲಾದ ಮೇಲೂ ನೋಡಬೇಕೆನ್ನುವವರಿಗೆ ಕ್ಯಾಂಪಿನವರೇ ತೆರೆದ ವಾಹನದಲ್ಲಿ ದೀಪ ಹಿಡಿದು ಕರೆದೊಯ್ಯುವ ಸಂಜೆಯ ಸುತ್ತು ಇದೆ. ಮೊದಲ ದಿನವೇ ಅದನ್ನು ತೆಗೆದುಕೊಂಡರೆ ಹಿಂಡು ಯಾವ ಕಡೆ ಇದೆ ಎಂಬ ಸುಳಿವು ಮರುದಿನಕ್ಕೆ ಸಿಗುತ್ತದೆ. ಟೈರ್ ಪಂಕ್ಚರ್ ಆದರೆ ನೀವಾಗಿ ಇಳಿಯಬೇಡಿ. ಪ್ರವೇಶ ಚೀಟಿಯಲ್ಲಿರುವ ತುರ್ತು ಸಂಖ್ಯೆಯನ್ನು ಫೋನಿನಲ್ಲಿ ಮೊದಲೇ ಉಳಿಸಿಕೊಂಡಿರಿ. ಸಿಗ್ನಲ್ ಇಲ್ಲದ ಕಡೆ ಇನ್ನೊಂದು ಕಾರು ಬರುವ ತನಕ ಕಾಯಿರಿ.

ದಿನಕ್ಕೆ 150 ಕಿಲೋಮೀಟರ್ ಸುತ್ತಿದವರಿಗೆ ಸಿಂಹ ತಪ್ಪುವುದಕ್ಕೆ ಕಾರಣ ಸುತ್ತಿದ್ದೇ. ನನ್ನದು 60ರಿಂದ 70 ದಾಟುವುದಿಲ್ಲ. ಕ್ಯಾಂಪಿನಲ್ಲಿ ಯಾರು ಏನನ್ನು ಎಲ್ಲಿ ಕಂಡರು ಎಂದು ಗುರುತು ಹಚ್ಚುವ ನಕ್ಷೆಯ ಹಲಗೆ ಇರುತ್ತದೆ. ರಾತ್ರಿ ಊಟಕ್ಕೆ ಮುಂಚೆ ಅದರ ಮುಂದೆ ನಿಂತು ಎರಡು ದಿನದ ಗುರುತುಗಳನ್ನು ನನ್ನ ಡಿಗ್ರಿಗಳ ಜೊತೆ ಹೋಲಿಸುತ್ತೇನೆ. ಒಂಟಿ ಗುರುತಿಗೆ ಬೆಲೆ ಕೊಡುವುದಿಲ್ಲ. ಒಂದೇ ಕಡೆ ಎರಡು ದಿನ ಬಂದಿದ್ದರೆ ಅಲ್ಲಿ ಬೇಟೆ ಬಿದ್ದಿದೆ ಎಂದರ್ಥ. ಇಂಪಾಲದಂಥ ಸಣ್ಣ ಹುಲ್ಲೆಯಾದರೆ ಹಿಂಡು ಸ್ವಲ್ಪ ಹೊತ್ತಿನಲ್ಲೇ ಮುಗಿಸಿ ಎದ್ದು ಹೋಗುತ್ತದೆ. ಕಾಡೆಮ್ಮೆಯೋ ಜಿರಾಫೆಯೋ ಆದರೆ ಎರಡು ಮೂರು ದಿನ ಆಚೀಚೆ ಕದಲುವುದಿಲ್ಲ. ಅಂಥ ಜಾಗ ಕಂಡ ಕೂಡಲೇ ಹತ್ತಿರದ ರಸ್ತೆ ಕೂಡುವಲ್ಲಿಂದ ಎಷ್ಟು ಕಿಲೋಮೀಟರ್, ಯಾವ ಮಗ್ಗುಲು, ಯಾವ ಮರ ಎಂದು ಬರೆದುಕೊಳ್ಳಿ. ಮರುದಿನ ಐದೂ ಮುಕ್ಕಾಲಕ್ಕೆ ಸಾಲಿನಲ್ಲಿ ನಿಂತು, ಬೇರೆಲ್ಲೂ ನಿಲ್ಲದೆ ನೇರ ಅಲ್ಲಿಗೆ ಹೋಗಿ, ಗಾಳಿ ಬೀಸುವ ದಿಕ್ಕು ನೋಡಿಕೊಂಡು ಕಾರು ನಿಲ್ಲಿಸಿ. ಮೂರನೇ ದಿನದ ಮಾಂಸದ ವಾಸನೆಯಲ್ಲಿ ಎರಡು ಗಂಟೆ ಕೂರಬೇಕಾಗುತ್ತದೆ.