ಯಾವ ಸೈಲೆನ್ಸರ್ ಹೆಚ್ಚು ಗಾಳಿ ಬಿಡುತ್ತದೆ? ಅಳೆದು ನೋಡುವ ವಿಧಾನ

ಸೈಲೆನ್ಸರ್ ಪೆಟ್ಟಿಗೆಯ ಮೇಲೆ ‘500 ಸಿಎಫ್‌ಎಂ’ (ನಿಮಿಷಕ್ಕೆ 500 ಘನ ಅಡಿ ಗಾಳಿ) ಎಂದಿದ್ದು, ಎಷ್ಟು ಒತ್ತಡದಲ್ಲಿ ಅಳೆದದ್ದು ಎಂದು ಇಲ್ಲದಿದ್ದರೆ ಆ ಅಂಕಿಯನ್ನು ನಂಬಬೇಡಿ. ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ. 10 ಇಂಚು ನೀರಿನ ಒತ್ತಡದಲ್ಲಿ (ಅಂದರೆ ನೀರನ್ನು 10 ಇಂಚು ಎತ್ತುವಷ್ಟು ಒತ್ತಡದಲ್ಲಿ) 300 ಸಿಎಫ್‌ಎಂ ಬಿಡುವ ಸೈಲೆನ್ಸರೇ 28 ಇಂಚಿನಲ್ಲಿ ಸುಮಾರು 500 ಬಿಡುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಸಲಕರಣೆಯಲ್ಲಿ, ಒಂದೇ ಒತ್ತಡದಲ್ಲಿ ಅಳೆಯಬೇಕು.

ಮುಚ್ಚಳವಿರುವ 40–50 ಲೀಟರಿನ ಎರಡು ಗಟ್ಟಿ ಡ್ರಮ್‌ಗಳನ್ನು ಜೋಡಿಸಿ, ನಡುವೆ 2 ಮಿ.ಮೀ. ತಗಡು ಕೂರಿಸಿ. ತಗಡಿನಲ್ಲಿ 45 ಮಿ.ಮೀ. ತೂತು ಇರಲಿ, ಅದರ ಅಂಚು ಚೂಪಾಗಿರಲಿ. ಮೊದಲ ಡ್ರಮ್ಮಿಗೆ ಬ್ಲೋವರ್, ಎರಡನೆಯದಕ್ಕೆ ಸೈಲೆನ್ಸರ್. ತೂತಿನಿಂದ ನುಗ್ಗುವ ಗಾಳಿ ನೇರವಾಗಿ ಸೈಲೆನ್ಸರ್ ಬಾಯಿಗೆ ಬಡಿಯದಂತೆ ಎರಡನೇ ಡ್ರಮ್ಮಿನೊಳಗೆ ಅಡ್ಡ ಹಲಗೆ ಹಾಕಿ.

6–8 ಮಿ.ಮೀ. ಒಳವ್ಯಾಸದ ಪಾರದರ್ಶಕ ಕೊಳವೆಯನ್ನು ‘ಯು’ ಆಕಾರಕ್ಕೆ ಬಗ್ಗಿಸಿ ಬಣ್ಣದ ನೀರು ತುಂಬಿದರೆ, ಎರಡು ಬದಿಯ ನೀರಿನ ಮಟ್ಟಗಳ ಅಂತರದಿಂದ ಒತ್ತಡದ ವ್ಯತ್ಯಾಸ ತೋರಿಸುವ ಮಾನೋಮೀಟರ್ ಸಿದ್ಧ. ಇಂಥವು ಎರಡು ಬೇಕು: ಒಂದು ಎರಡು ಡ್ರಮ್‌ಗಳ ನಡುವಿನ ವ್ಯತ್ಯಾಸಕ್ಕೆ, ಇನ್ನೊಂದು ಎರಡನೇ ಡ್ರಮ್ ಮತ್ತು ಹೊರಗಿನ ಗಾಳಿಯ ನಡುವಿನ ವ್ಯತ್ಯಾಸಕ್ಕೆ. ಹೆಚ್ಚಿನ ಗಾಳಿ ಹೊರಬಿಡಲು ಜಾರುಮುಚ್ಚಳದ ಕಿಂಡಿಯನ್ನು ಮೊದಲ ಡ್ರಮ್ಮಿನಲ್ಲೇ ಕೊರೆಯಿರಿ. ಅದು ಎರಡನೆಯದರಲ್ಲಿದ್ದರೆ ಸೈಲೆನ್ಸರಿಗೆ ಹೋಗದ ಗಾಳಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮೊದಲು ಸೋರಿಕೆ ನೋಡಿ. ಕಿಂಡಿಯನ್ನು ಪೂರ್ತಿ ತೆರೆದಿಟ್ಟು (ಇಲ್ಲವಾದರೆ ಕೊಳವೆಯ ನೀರು ಹೊರಚಿಮ್ಮುತ್ತದೆ) ಸೈಲೆನ್ಸರಿನ ಹಿಂಬಾಯಿ ಮುಚ್ಚಿ. ತಳದಲ್ಲಿ ನೀರಿಳಿಯುವ ಸಣ್ಣ ತೂತಿದ್ದರೆ ಅದಕ್ಕೂ ಟೇಪ್ ಹಚ್ಚಿ. ಡ್ರಮ್‌ಗಳ ನಡುವಿನ ಮಾನೋಮೀಟರ್ ಸೊನ್ನೆಗೆ ಬರಬೇಕು. ಬಾರದಿದ್ದರೆ ಎಲ್ಲೋ ಸೋರುತ್ತಿದೆ, ಮುಂದುವರಿಯಬೇಡಿ.

ಬ್ಲೋವರನ್ನು ಐದು ನಿಮಿಷ ಓಡಲು ಬಿಡಿ. ಸೈಲೆನ್ಸರ್ ತೆಗೆದು ಅದರಷ್ಟೇ ಉದ್ದದ, ಅದೇ ಒಳವ್ಯಾಸದ ನೇರ ಪೈಪನ್ನು ಹಾಕಿ, ಕಿಂಡಿ ಸರಿಸುತ್ತ ಎರಡನೇ ಡ್ರಮ್ಮಿನ ಒತ್ತಡವನ್ನು 5 ಸೆಂ.ಮೀ. ನೀರಿಗೆ ನಿಲ್ಲಿಸಿ. ಬ್ಲೋವರಿಗೆ ಅಷ್ಟು ಶಕ್ತಿ ಇಲ್ಲವಾದರೆ 3 ಸೆಂ.ಮೀ. ಸಾಕು, ಆದರೆ ಆಮೇಲೆ ಎಲ್ಲಕ್ಕೂ ಅಷ್ಟೇ. ಈಗ ಡ್ರಮ್‌ಗಳ ನಡುವಿನ ವ್ಯತ್ಯಾಸ ಬರೆದುಕೊಳ್ಳಿ. ಆಮೇಲೆ ಪೈಪಿನ ಜಾಗದಲ್ಲಿ ಹಿಂಬಾಯಿ ತೆರೆದ ಸೈಲೆನ್ಸರ್ ಹಾಕಿ, ಅದೇ ಒತ್ತಡಕ್ಕೆ ನಿಲ್ಲಿಸಿ ಮತ್ತೆ ಬರೆದುಕೊಳ್ಳಿ. ಪೈಪಿಗೆ 16 ಸೆಂ.ಮೀ., ಸೈಲೆನ್ಸರಿಗೆ 9 ಬಂತೆನ್ನಿ: 9ರ ವರ್ಗಮೂಲ 3, 16ರದ್ದು 4. ಅಂದರೆ ಸೈಲೆನ್ಸರ್ ಪೈಪಿನ ಶೇ 75ರಷ್ಟು ಗಾಳಿ ಬಿಡುತ್ತಿದೆ. ವರ್ಗಮೂಲ ಮರೆತು ನೇರ ಭಾಗಿಸಿದರೆ ಶೇ 56 ಎಂಬ ತಪ್ಪು ಉತ್ತರ ಬರುತ್ತದೆ.

ಎರಡು ಸೈಲೆನ್ಸರ್‌ಗಳನ್ನು ಹೋಲಿಸುವಾಗ ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು, ಈ ಕ್ರಮದಲ್ಲಿ ಅಳೆಯಿರಿ. ಮೊದಲನೆಯದರ ಎರಡು ಉತ್ತರಗಳ ನಡುವೆ ಶೇ 3ಕ್ಕಿಂತ ಹೆಚ್ಚು ಅಂತರವಿದ್ದರೆ ಎಲ್ಲವನ್ನೂ ಮತ್ತೆ ಅಳೆಯಬೇಕು. ಜೋಡಣೆಯ ಪೈಪಿನ ಅಂಚು ಒಳಗೆ ಚಾಚಿಕೊಂಡಿದ್ದರೂ ಫಲಿತಾಂಶ ಕೆಡುತ್ತದೆ. ಸೈಲೆನ್ಸರಿನ ಮೇಲೆ ಬಾಣದ ಗುರುತಿದ್ದರೆ ಅದೇ ದಿಕ್ಕಿನಲ್ಲಿ ಗಾಳಿ ಬಿಡಿ, ಏಕೆಂದರೆ ಒಳಕೊಳವೆಯ ರೆಕ್ಕೆಯಂಥ ಸೀಳುಗಳು ಎದುರು ದಿಕ್ಕಿನಲ್ಲಿ ಗಾಳಿಯನ್ನು ಬೇರೆಯೇ ರೀತಿ ತಡೆಯುತ್ತವೆ.

ಇದು ತಣ್ಣನೆಯ, ಒಂದೇ ಸಮನೆ ಹರಿಯುವ ಗಾಳಿಯ ಪರೀಕ್ಷೆ. ಎಂಜಿನ್ ಹೊಗೆ ಬಿಸಿ, ಮಿಡಿಯುತ್ತ ಬರುತ್ತದೆ. ಆದ್ದರಿಂದ ಎರಡೂ ಸೈಲೆನ್ಸರನ್ನು ಒಂದೊಂದಾಗಿ ಕಾರಿಗೆ ಹಾಕಿ ಬ್ಯಾಕ್ ಪ್ರೆಶರ್ (ಹೊಗೆ ಹೊರಹೋಗುವಾಗ ಎದುರಾಗುವ ಒತ್ತಡ) ಕೂಡ ನೋಡಿ. ಸೈಲೆನ್ಸರಿಗೆ ಸ್ವಲ್ಪ ಮುಂಚೆ ಪೈಪಿಗೆ ಬುಷ್ (ಕೊಳವೆ ಸಿಕ್ಕಿಸುವ ಸಣ್ಣ ಲೋಹದ ಬಾಯಿ) ಬೆಸೆದು, ಅರ್ಧ ಮೀಟರ್ ತಾಮ್ರದ ಕೊಳವೆಯ ತುದಿಗೆ ಹೋಸ್ ಮತ್ತು ಗೇಜ್ ಜೋಡಿಸಿ. ತಾಮ್ರ ಇಲ್ಲದಿದ್ದರೆ ಹೋಸ್ ಕರಗುತ್ತದೆ. ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟಾಗಿನ ಅಂಕಿಯಿಂದ ಹೆಚ್ಚೇನೂ ತಿಳಿಯದು. ಎಂಜಿನ್ ಪೂರ್ತಿ ಭಾರ ಹೊತ್ತು ಎಳೆಯುವಾಗ, ಎರಡೂ ಸೈಲೆನ್ಸರಿಗೆ ಒಂದೇ ಆರ್‌ಪಿಎಂನಲ್ಲಿ ಗೇಜ್ ಓದಿ.