ಸರ್ರಾ ರೋಗ: ಸೂಜಿಗಿಂತ ಮೊದಲು ಅಳತೆ ಟೇಪು

ನಾನು ಪಶುವೈದ್ಯ. ತೀರ್ಥಹಳ್ಳಿ, ಹೊಸನಗರದ ಹಳ್ಳಿಗಳಲ್ಲಿ ನನ್ನ ಓಡಾಟ. ಮಳೆಗಾಲದಲ್ಲೂ ಅದು ಮುಗಿದ ಮೇಲೂ ದನ ಕಚ್ಚುವ ದೊಡ್ಡ ನೊಣಗಳು ಜಾಸ್ತಿ. ಆಗ ಜ್ವರದ ದನ ಕಂಡರೆ ಸರ್ರಾ ಇರಬಹುದಾ ಅಂತ ಮೊದಲೇ ಯೋಚಿಸುತ್ತೇನೆ. ಟ್ರಿಪನೊಸೋಮ ಇವಾನ್ಸಿ ಎಂಬ ರಕ್ತದ ಪರೋಪಜೀವಿಯಿಂದ ಬರುವ ರೋಗ ಇದು. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಇದನ್ನು ಕುದುರೆ, ಒಂಟೆಗಳ ರಕ್ತದಲ್ಲಿ ಗುರುತಿಸಿದರು. ನಮ್ಮ ಕಡೆ ದನ, ಎಮ್ಮೆ, ನಾಯಿಗಳ ಪಾಲಿಗೆ ಬಂದಿದೆ.

ಜ್ವರ ಬರುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ಹಾಲು ಇಳಿಯುತ್ತದೆ, ಮೈ ಸೊರಗುತ್ತದೆ. ಕೆಲವು ದನಗಳ ಕಣ್ಣು ಬಿಳುಪಾಗುತ್ತದೆ. ಜೋರಾದರೆ ಸುತ್ತು ತಿರುಗುತ್ತವೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತವೆ. ಮನೆಯವರು "ಡಾಕ್ಟ್ರೇ, ಹುಚ್ಚುನಾಯಿ ಕಚ್ಚಿದೆಯಾ?" ಅಂತ ಕೇಳುವುದು ಸಹಜ. ಆ ಅನುಮಾನ ನನಗೂ ಇರುತ್ತದೆ. ಅದಕ್ಕೇ ಗ್ಲೌಸ್ ಇಲ್ಲದೆ ಬಾಯಿಗೆ ಕೈ ಹಾಕುವುದಿಲ್ಲ.

ಜ್ವರ ಇರುವಾಗಲೇ ಕಿವಿಯ ರಕ್ತನಾಳದಿಂದ ರಕ್ತ ತೆಗೆಯುತ್ತೇನೆ. ಒಂದು ಹನಿ ಗಾಜಿನ ಮೇಲೆ ಹಸಿಯಾಗಿಯೇ ನೋಡಲು, ಇನ್ನೊಂದು ತೆಳುವಾಗಿ ಎಳೆದು ಜೀಮ್ಸಾ ಬಣ್ಣ ಹಾಕಲು. ಹಸಿ ಹನಿಯಲ್ಲಿ ರಕ್ತಕಣಗಳು ಅತ್ತಿತ್ತ ತಳ್ಳಾಡುತ್ತಿದ್ದರೆ ನಡುವೆ ಪರೋಪಜೀವಿ ಹೊರಳಾಡುತ್ತಿದೆ ಅಂತಲೇ ಅರ್ಥ. ಜ್ವರ ಇಳಿದ ಮೇಲೆ ತೆಗೆದ ರಕ್ತದಲ್ಲಿ ಏನೂ ಕಾಣದಿರಬಹುದು. ಹಾಗಂತ ರೋಗ ಇಲ್ಲ ಎನ್ನುವಂತಿಲ್ಲ.

ದನ ಬಿದ್ದಿದ್ದರೆ ಮೊದಲು ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ, ನಿಧಾನವಾಗಿ. ಈ ಪರೋಪಜೀವಿ ಬದುಕುವುದೇ ರಕ್ತದ ಸಕ್ಕರೆ ತಿಂದು.

ಆಮೇಲೆ ತೂಕ. ಇಲ್ಲಿ ನಾನು ಹಠಮಾರಿ. ನಮ್ಮ ಕೊಟ್ಟಿಗೆಗಳಲ್ಲಿ ದೊಡ್ಡ ಮೈಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯೂ ಚಿಕ್ಕ ಮೈಯ ಮಲೆನಾಡು ಗಿಡ್ಡವೂ ಅಕ್ಕಪಕ್ಕ ಕಟ್ಟಿರುತ್ತವೆ. ಎರಡಕ್ಕೂ ಒಂದೇ ಅಳತೆಯ ಔಷಧಿ ಕೊಟ್ಟರೆ ಒಂದಕ್ಕೆ ಸಾಲದು, ಇನ್ನೊಂದಕ್ಕೆ ಹೆಚ್ಚು. ಎದೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈ ಉದ್ದದಿಂದ ಗುಣಿಸಿ, 660ರಿಂದ ಭಾಗಿಸುತ್ತೇನೆ. ಅಳತೆ ಇಂಚಿನಲ್ಲಿ, ಉತ್ತರ ಹೆಚ್ಚುಕಡಿಮೆ ಕೆಜಿಯಲ್ಲಿ. ಸುತ್ತಳತೆ 60, ಉದ್ದ 55 ಇದ್ದರೆ 300 ಕೆಜಿ. ಸುತ್ತಳತೆ 45, ಉದ್ದ 38ರ ಗಿಡ್ಡ 117 ಕೆಜಿಗೆ ನಿಲ್ಲುತ್ತದೆ. ಡೈಮಿನಜೀನ್ ಎಂಬ ಔಷಧಿಯನ್ನು ಸರ್ರಾಕ್ಕೆ ಕೆಜಿಗೆ 7 ಮಿಲಿಗ್ರಾಂ ಲೆಕ್ಕದಲ್ಲಿ ಹಾಕುತ್ತೇನೆ. ಶೇ. 7ರ ದ್ರಾವಣವಾದರೆ ಮೊದಲನೆಯದಕ್ಕೆ 30 ಎಂಎಲ್, ಎರಡನೆಯದಕ್ಕೆ 12ರ ಹತ್ತಿರ. 30 ಎಂಎಲ್ ಅನ್ನು ಒಂದೇ ಕಡೆ ಚುಚ್ಚುವುದಿಲ್ಲ. ಎರಡು ಮೂರು ಜಾಗಕ್ಕೆ ಹಂಚಿ, ಮಾಂಸದ ಆಳಕ್ಕೆ. ಉಣುಗು ಕಚ್ಚಿ ಬರುವ ಬಬೇಸಿಯಾ ಎಂಬ ಇನ್ನೊಂದು ರಕ್ತದ ರೋಗಕ್ಕೆ ಇದರ ಅರ್ಧ, 3.5 ಮಿಲಿಗ್ರಾಂ ಸಾಕು. ಆ ಅಳತೆಯನ್ನೇ ಸರ್ರಾಕ್ಕೂ ಕೊಟ್ಟು ಸುಮ್ನೆ ಬಿಟ್ಟರೆ ಜ್ವರ ಮರಳುತ್ತದೆ. ಅರೆಬರೆ ಔಷಧಿಗೆ ಪರೋಪಜೀವಿಯೂ ಒಗ್ಗಿಕೊಳ್ಳುತ್ತದೆ.

ನೊಣದ ಕಾಟ ಮುಂದುವರಿಯುವ ಊರಲ್ಲಿ ನನ್ನ ಆಯ್ಕೆ ಕ್ವಿನಾಪೈರಮೀನ್ ಎಂಬ ಇನ್ನೊಂದು ಔಷಧಿ. ಅದರಲ್ಲಿ ಎರಡು ಲವಣ ಇರುತ್ತವೆ. ಸಲ್ಫೇಟ್ ಬೇಗ ಕೆಲಸ ಮಾಡುತ್ತದೆ, ಕ್ಲೋರೈಡ್ ನಿಧಾನವಾಗಿ ಕರಗಿ ಮುಂದೆಯೂ ಕಾಯುತ್ತದೆ. ಚರ್ಮದ ಕೆಳಗೆ ಹಾಕಬೇಕು. ಕೆಲವು ದನ ಜೊಲ್ಲು ಸುರಿಸಿ ನಡುಗುತ್ತವೆ, ಚುಚ್ಚಿದಲ್ಲಿ ಗಂಟು ಏಳುತ್ತದೆ. ಅದಕ್ಕೇ ನೆರಳಲ್ಲಿ ಕಟ್ಟಿಸಿ, ಸ್ವಲ್ಪ ಹೊತ್ತು ನಾನೂ ಅಲ್ಲೇ ಕೂರುತ್ತೇನೆ. ಕಾಫಿ ಹೇಗೂ ಬರುತ್ತದೆ!

ನಾಯಿಗಳ ವಿಷಯದಲ್ಲಿ ಇನ್ನೂ ಹುಷಾರು. ಡೈಮಿನಜೀನ್ ಸ್ವಲ್ಪ ಹೆಚ್ಚಾದರೂ ಅವುಗಳ ಮಿದುಳಿಗೆ ಪೆಟ್ಟು. ತಕ್ಕಡಿಯ ಮೇಲೆ ನಿಲ್ಲಿಸದೆ ಔಷಧಿ ಎಳೆಯುವುದೇ ಇಲ್ಲ.

ಕೆಲವು ದಿನ ಬಿಟ್ಟು ಮತ್ತೆ ರಕ್ತ ನೋಡುತ್ತೇನೆ. ಹುಷಾರಾಗುವವರೆಗೆ ಆ ದನವನ್ನು ದೂರ ಕಟ್ಟಲು ಹೇಳುತ್ತೇನೆ. ನೊಣ ಅರ್ಧ ಹೀರಿ ಎದ್ದು ಪಕ್ಕದ ದನಕ್ಕೆ ಕಚ್ಚಿದಾಗಲೇ ರೋಗ ದಾಟುವುದು. ಅದರ ಬಾಯಲ್ಲಿ ಪರೋಪಜೀವಿ ಹೆಚ್ಚು ಹೊತ್ತು ಬದುಕದು. ಸಂಜೆ ಕೊಟ್ಟಿಗೆಗೆ ಹೊಗೆ ಹಾಕಿದರೆ ಒಳ್ಳೆಯದೇ. ನಮ್ಮ ಸೂಜಿಯೂ ನೊಣದ ಕೆಲಸವನ್ನೇ ಮಾಡಬಲ್ಲದು. ಹಾಗಾಗಿ ನನ್ನ ಚೀಲದಲ್ಲಿ ದನಕ್ಕೊಂದು ಹೊಸ ಸೂಜಿ.